ಕ್ಯಾಮರಾ ಕಂಡ ಎರಡನೇ ಮುಖ

ನಸುಕಿನ ಸುಬಹಿ ನಮಾಜು ಮುಗಿದ ಕೂಡಲೇ ಸೌದಾ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹೊಲಿದಿಟ್ಟ ನೈಟಿ, ಚೂಡಿದಾರಗಳು ಹಗ್ಗದ ಮೇಲೆ ಒತ್ತೊತ್ತಾಗಿ ನೇತಾಡುತ್ತಿವೆ. ಅವುಗಳ ನಡುವೆ ಒಂದು ಪ್ಲಾಸ್ಟಿಕ್ ಸ್ಟೂಲು. ಬಟ್ಟೆಗಳ ಮಧ್ಯೆ ಕೂತು ಓದಿದರೆ ದನಿ ಗೋಡೆಗೆ ಬಡಿದು ಗುಂಯ್‌ಗುಡುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಹೊರಗೆ ಪುತ್ತಿಗೆಯ ರಸ್ತೆಯಲ್ಲಿ ಮೊದಲ ಬಸ್ಸು ಇನ್ನೂ ಬಂದಿಲ್ಲ. ಗಂಡ ಉಸ್ಮಾನ್ ಎದ್ದು, ಹೇಳಿಸಿಕೊಳ್ಳದೆಯೇ ಫ್ಯಾನ್ ಆರಿಸಿ, ಬೆವರೊರೆಸಿಕೊಳ್ಳುತ್ತ ಜಗಲಿಗೆ ಹೋಗುತ್ತಾರೆ.

ಸೌದಾ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಓದತೊಡಗುತ್ತಾರೆ. "ಘಟಕ ಆರು. ಇಲ್ಲಿ ಒಂದು ಕೋಷ್ಟಕ ಉಂಟು ಹಫ್ಸ. ಎಡದ ಸಾಲನ್ನು ಮೊದಲು ಪೂರ್ತಿ ಓದ್ತೇನೆ, ಮತ್ತೆ ಬಲದ್ದು. ಗಡಿಬಿಡಿ ಮಾಡ್ಬೇಡ." ರಸ್ತೆಯಲ್ಲಿ ಬೈಕೊಂದು ಸದ್ದು ಮಾಡುತ್ತ ಹೋಗುತ್ತದೆ. ಅದು ತಿರುವು ದಾಟುವವರೆಗೆ ಕಾದು, ಅದೇ ವಾಕ್ಯವನ್ನು ಮೊದಲಿನಿಂದ ಓದುತ್ತಾರೆ.

ಹಫ್ಸ ಬಂಟ್ವಾಳದ ಹುಡುಗಿ. ಕಣ್ಣು ಕಾಣುವುದಿಲ್ಲ. ದೂರಶಿಕ್ಷಣದಲ್ಲಿ ಬಿ.ಎ. ಎರಡನೇ ವರ್ಷ. ಮೊದಲೆಲ್ಲ ವಿಶ್ವವಿದ್ಯಾಲಯದಿಂದ ಅಂಚೆಯಲ್ಲಿ ಪುಸ್ತಕದ ಕಟ್ಟು ಬರುತ್ತಿತ್ತು. ಈಗ ಎಲ್ಲವೂ ಆ್ಯಪ್‌ನಲ್ಲಿ. ಕುರುಡರ ಪಾಲಿಗೆ ಇದು ಒಳ್ಳೆಯದೇ ಆಗಬೇಕಿತ್ತು, ಮೊಬೈಲೇ ಓದಿ ಹೇಳುತ್ತದಲ್ಲ. ಆದರೆ ಪಾಠಗಳನ್ನು ಟೈಪು ಮಾಡಿದ್ದು ಯಾವುದೋ ಹಳೆಯ ಅಕ್ಷರವಿನ್ಯಾಸದಲ್ಲಿ. ಕಣ್ಣಿಗೆ ಅಚ್ಚಗನ್ನಡ, ಮೊಬೈಲಿನ ಬಾಯಲ್ಲಿ ಬರೀ ಬಡಬಡಿಕೆ. ಕೆಲವು ಪಾಠಗಳಂತೂ ಹಳೆಯ ಪುಸ್ತಕದ ಫೋಟೊಗಳು. ಮೊಬೈಲು ಅವುಗಳ ಮುಂದೆ ಮೂಕವಾಗುತ್ತದೆ. ಹಾಗಾಗಿ ಸೌದಾ ಓದುತ್ತಾರೆ. ಓದಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಮತ್ತೆ ಅಡುಗೆ, ಮತ್ತೆ ಹೊಲಿಗೆ ಮಿಷನ್ನು.

ಈ ಕೆಲಸಕ್ಕೊಂದು ಹೆಸರಿಲ್ಲ. ಪರೀಕ್ಷೆಯ ದಿನ ಮಾತ್ರ ಹೆಸರಿತ್ತು: ಲಿಪಿಕಾರರು. ಬರೆಯಲಾಗದವರು ಹೇಳಿದ ಉತ್ತರವನ್ನು ಅವರ ಪರವಾಗಿ ಬರೆದುಕೊಡುವವರು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಮೂರೂ ತಾಲೂಕುಗಳಲ್ಲಿ ಸೌದಾ ಹೀಗೆ ಬರೆದು ಪಾಸು ಮಾಡಿಸಿದವರು ಹಲವರಿದ್ದಾರೆ. 'ಪಾಸು ಮಾಡಿಸಿದವರು' ಎಂದರೆ ಅವರಿಗೆ ಸಿಟ್ಟು ಬರುತ್ತದೆ. "ನಾನು ಮಾಡಿಸಿದ್ದಲ್ಲ, ಅವರೇ ಆದದ್ದು. ನನ್ನದು ಕೈ ಮಾತ್ರ."

ಕೈ ಮಾತ್ರ ಎನ್ನುವುದು ವಿನಯದ ಮಾತಲ್ಲ, ಅದು ಅವರು ಕಷ್ಟಪಟ್ಟು ಕಲಿತ ಶಿಸ್ತು. ಒಮ್ಮೆ ಒಬ್ಬ ಹುಡುಗ ಇತಿಹಾಸದ ಪರೀಕ್ಷೆಯಲ್ಲಿ ಒಂದು ಯುದ್ಧದ ಇಸವಿಯನ್ನು ತಪ್ಪಾಗಿ ಹೇಳಿದ. ಆ ಪಾಠವನ್ನು ಅವನಿಗೆ ಓದಿ ಹೇಳಿದ್ದವರೇ ಸೌದಾ. ಸರಿಯಾದ ಇಸವಿ ನಾಲಗೆಯ ತುದಿಯಲ್ಲಿತ್ತು. "ಪೆನ್ನು ಮುಂದೆ ಹೋಗುದೇ ಇಲ್ಲ ಮಾರಾಯ್ರೇ. ಆದರೂ ಅವನು ಹೇಳಿದ್ದನ್ನೇ ಬರೆದೆ. ತಪ್ಪು ಹೇಳಿದರೆ ತಪ್ಪನ್ನೇ ಬರೀಬೇಕು. ಪರೀಕ್ಷೆ ಅವನದ್ದು, ನನ್ನದಲ್ಲ." ಆ ಹುಡುಗ ಆ ವಿಷಯದಲ್ಲಿ ಫೇಲಾದ. ಸೌದಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಆದರೆ ತಾನು ಮಾಡಿದ್ದು ಸರಿಯಲ್ಲ ಎಂದು ಅವರಿಗೆ ಇವತ್ತಿಗೂ ಅನ್ನಿಸಿಲ್ಲ.

ಶುರುವಾದದ್ದು ಆಕಸ್ಮಿಕ. ಮೂಡುಬಿದಿರೆಯಲ್ಲಿ ಆಗ ದೂರಶಿಕ್ಷಣದ ಅಧ್ಯಯನ ಕೇಂದ್ರವಿತ್ತು. ಅರ್ಜಿ ತುಂಬಿಸುವುದರಿಂದ ಹಿಡಿದು ಭಾನುವಾರದ ತರಗತಿಗೆ ಬೀಗ ತೆಗೆಯುವವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ನೇಮಿರಾಜರು. ಅವರ ಹೆಂಡತಿ ರಾಜಮತಿ ಸೌದಾ ಬಳಿ ರವಿಕೆ ಹೊಲಿಸುತ್ತಿದ್ದರು. ಒಂದು ಪರೀಕ್ಷೆಯ ಬೆಳಿಗ್ಗೆ ಬರಬೇಕಾದ ಲಿಪಿಕಾರ ಬರಲಿಲ್ಲ. ಅಭ್ಯರ್ಥಿ ಬಾಗಿಲಲ್ಲಿ ಕೂತು ಅಳುತ್ತಿದ್ದ. ರಾಜಮತಿ ನೇರ ಹೊಲಿಗೆ ಮಿಷನ್ನಿನ ಮುಂದೆ ಬಂದು ನಿಂತರು. "ಅಳತೆ ಚೀಟಿಯಲ್ಲಿ ನಿನ್ನ ಅಕ್ಷರ ನೋಡಿದ್ದೇನೆ, ಮುತ್ತಿನ ಹಾಗೆ ಉಂಟು. ಪಿಯುಸಿ ಆಗಿದೆಯಲ್ಲ? ಏಳು, ಹೋಗುವ." ಸೌದಾ ಕತ್ತರಿ ಕೆಳಗಿಟ್ಟು ಎದ್ದರು.

ಪಿಯುಸಿ ಆಗಿತ್ತು, ಅಷ್ಟೇ ಆಗಿತ್ತು. ಪೊಳಲಿ ಕಡೆಯ ತವರಿನಲ್ಲಿ ಡಿಗ್ರಿ ಓದುವ ಆಸೆಯಿದ್ದಾಗಲೇ ಮದುವೆಯಾಯಿತು. ಮುಂದೆ ಇದೇ ಕೇಂದ್ರದಲ್ಲಿ ತಾನೂ ಸೇರಬಹುದೆಂದು ಅರ್ಜಿ ತಂದಿಟ್ಟುಕೊಂಡಿದ್ದರು. ಆದರೆ ಲಿಪಿಕಾರರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕಡಿಮೆ ಇರಬೇಕೆಂಬುದು ನಿಯಮ. ತಾನು ಡಿಗ್ರಿ ಮುಗಿಸಿದರೆ ಡಿಗ್ರಿಯವರಿಗೆ ಬರೆಯುವಂತಿಲ್ಲ. "ಮತ್ತೆ ಇವರಿಗೆಲ್ಲ ಬರೆಯುದು ಯಾರು? ಬಿಟ್ಟೆ," ಎನ್ನುತ್ತಾರೆ, ಸಂತೆಯಲ್ಲಿ ತರಕಾರಿ ಬಿಟ್ಟು ಬಂದಷ್ಟು ಹಗುರವಾಗಿ.

ಅವರ ದನಿ ಭಾರವಾಗುವುದು ವಿಸ್ಮಿತಾಳ ಹೆಸರು ಬಂದಾಗ.

ವಿಸ್ಮಿತಾ ಕಕ್ಕಿಂಜೆಯವಳು. ಇಪ್ಪತ್ತೇಳು ವರ್ಷ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಕಣ್ಣು ಹೋಯಿತು. ತಂದೆ ತುಕ್ರಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಬಿ.ಎ.ಯ ಮೊದಲ ಪರೀಕ್ಷೆಯಿಂದಲೂ ಅವಳಿಗೆ ಬರೆದವರು ಸೌದಾ. ಬೆಳ್ತಂಗಡಿಯ ಕಾಲೇಜೊಂದರಲ್ಲಿ ಇಬ್ಬರಿಗೂ ಬೇರೆಯೇ ಕೋಣೆ ಕೊಡುತ್ತಿದ್ದರು. ಬಾಗಿಲ ಬಳಿ ಒಬ್ಬ ಮೇಲ್ವಿಚಾರಕಿ ಕೂರುತ್ತಿದ್ದರು. ವಿಸ್ಮಿತಾ ಉತ್ತರ ಹೇಳುವಾಗ ಮೇಜಿನ ಮೇಲೆ ಬೆರಳಾಡಿಸುತ್ತಿದ್ದಳು. ಬೆರಳು ನಿಂತರೆ ವಾಕ್ಯ ಮುಗಿಯಿತೆಂದು ಸೌದಾಗೆ ಗೊತ್ತಾಗುತ್ತಿತ್ತು. ಮುಂದೆ ಅಂಗವಿಕಲರ ಮೀಸಲಾತಿಯಲ್ಲಿ ಗುಮಾಸ್ತೆಯ ಹುದ್ದೆಗೆ ಅರ್ಜಿ ಹಾಕಬೇಕೆಂಬುದು ಅವಳ ಲೆಕ್ಕಾಚಾರ. ಡಿಗ್ರಿಯೊಂದು ಕೈಗೆ ಬರಬೇಕಿತ್ತು.

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಎಲ್ಲ ಬದಲಾಯಿತು. ಅಧ್ಯಯನ ಕೇಂದ್ರ ಮುಚ್ಚಿತು. ನೇಮಿರಾಜರು ಈಗ ಬಸದಿಯೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾರೆ. ಪರೀಕ್ಷೆ ಮನೆಯಲ್ಲೇ, ಕಂಪ್ಯೂಟರಿನ ಕ್ಯಾಮರಾದ ಎದುರು ಎಂದಾಯಿತು. ಇದರಿಂದ ಒಳ್ಳೆಯದಾದವರೂ ಇದ್ದಾರೆ. ಉಸ್ಮಾನರ ತಮ್ಮ ಸಾಬಿತ್ ಸೌದಿಯ ದಮ್ಮಾಮಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಲೇ, ಊರಿಗೆ ಬಾರದೆ, ಇದೇ ಆ್ಯಪ್‌ನಲ್ಲಿ ಇದೇ ಡಿಗ್ರಿಯ ಪರೀಕ್ಷೆ ಬರೆದ. "ಅವನಿಗೆ ಸುಲಭ ಆಯಿತು, ನಮಗೆ ಖುಷಿಯೇ. ಆದರೆ ಇದನ್ನೆಲ್ಲ ಮಾಡುವಾಗ ವಿಸ್ಮಿತಾಳಂಥವರು ಇದ್ದಾರೆ ಅಂತ ಯಾರಿಗೂ ನೆನಪೇ ಆಗಲಿಲ್ವಾ?"

ಕಕ್ಕಿಂಜೆಯ ಅವಳ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಪರೀಕ್ಷೆಯ ಮುನ್ನಾ ದಿನ ತುಕ್ರಪ್ಪ ಮಗಳನ್ನು ಕರೆದುಕೊಂಡು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ ಪುತ್ತಿಗೆಯ ಸೌದಾ ಮನೆಗೆ ಬಂದರು. ನೇಮಿರಾಜರು ತಮ್ಮ ಲ್ಯಾಪ್‌ಟಾಪ್ ತಂದುಕೊಟ್ಟು, ಎಲ್ಲ ಜೋಡಿಸಿ ಹೋದರು. ಲಿಪಿಕಾರರನ್ನು ಇಟ್ಟುಕೊಳ್ಳಬಹುದೆಂದು ವಿಶ್ವವಿದ್ಯಾಲಯ ಮೊದಲೇ ಕೊಟ್ಟಿದ್ದ ಅನುಮತಿ ಪತ್ರದ ಪ್ರಿಂಟೂ ಇತ್ತು. ಪರೀಕ್ಷೆ ಶುರುವಾಗುವ ಮುಂಚೆ ಸೌದಾ ಅದನ್ನು ಕ್ಯಾಮರಾಕ್ಕೆ ಹಿಡಿದು ತೋರಿಸಿದರು. "ಯಾರಿಗೆ ತೋರಿಸಿದ್ದು ಅಂತ ಈಗಲೂ ಗೊತ್ತಿಲ್ಲ. ಆಚೆ ಬದಿಯಲ್ಲಿ ಯಾರೂ ಇರಲೇ ಇಲ್ಲ, ಎಲ್ಲ ಕಂಪ್ಯೂಟರೇ ನೋಡುದು ಅಂತ ಆಮೇಲೆ ಗೊತ್ತಾದದ್ದು."

ಪ್ರಶ್ನೆಗಳು ಪರದೆಯ ಮೇಲೆ ಬಂದವು. ಉತ್ತರವನ್ನು ಹಾಳೆಯಲ್ಲಿ ಬರೆದು, ಕೊನೆಗೆ ಫೋಟೊ ತೆಗೆದು ಕಳಿಸಬೇಕು. ಸೌದಾ ಮೊದಲ ಪ್ರಶ್ನೆಯನ್ನು ಓದಿದರು. ಗ್ರಾಮ ಪಂಚಾಯಿತಿಯ ಕರ್ತವ್ಯಗಳನ್ನು ವಿವರಿಸಿ. ವಿಸ್ಮಿತಾ ಉತ್ಸಾಹದಿಂದ ಹೇಳತೊಡಗಿದಳು. ಎರಡು ಸಾಲು ಬರೆಯುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಬಂತು. ಪರೀಕ್ಷೆಯಲ್ಲಿ ಏನು ಕಂಡರೂ ಅಭ್ಯರ್ಥಿಗೆ ಓದಿ ಹೇಳುವುದು ಸೌದಾ ಪಾಲಿಸಿಕೊಂಡು ಬಂದ ಪದ್ಧತಿ. ಓದಿದರು. "ಎರಡನೇ ಮುಖ ಕಾಣಿಸುತ್ತಿದೆ. ಇದು ಮೊದಲ ಎಚ್ಚರಿಕೆ."

"ಅದು ನಿಮ್ಮದು ಸೌದಕ್ಕ," ಎಂದಳು ವಿಸ್ಮಿತಾ. ಸೌದಾ ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಕ್ಯಾಮರಾಕ್ಕೆ ಕಾಣದ ಹಾಗೆ ಗೋಡೆಗೆ ಒರಗಿ, ಮಂಡಿಯ ಮೇಲೆ ಹಾಳೆಯಿಟ್ಟು ಬರೆಯತೊಡಗಿದರು.

ಮತ್ತೆ ಕೆಂಪು ಪಟ್ಟಿ. ಕತ್ತು ಚಾಚಿ ಓದಿದರು. "ಕೋಣೆಯಲ್ಲಿ ಮಾತು ಕೇಳಿಸುತ್ತಿದೆ. ಮೌನವಾಗಿರಿ."

"ಮಾತಾಡದೆ ಉತ್ತರ ಹೇಳುದು ಹೇಗೆ?" ಎಂದು ವಿಸ್ಮಿತಾ ನಕ್ಕಳು. ಆ ನಗುವಿನಲ್ಲಿ ಆಗಲೇ ಹೆದರಿಕೆ ಸೇರಿತ್ತು. ಜಗಲಿಯಿಂದ ತುಕ್ರಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಸೌದಾ ಸಹಾಯವಾಣಿಗೆ ಫೋನು ಮಾಡಿದರು. ಕನ್ನಡಕ್ಕೆ ಎರಡು ಒತ್ತಿ ಎಂದಿತು. ಒತ್ತಿದರು. ಹಾಡು ಬಂತು. ಹಾಡು ಮುಗಿಯಲೇ ಇಲ್ಲ. ಇತ್ತ ಸಮಯ ಹೋಗುತ್ತಿತ್ತು. "ಬರೆಯುವ ಸೌದಕ್ಕ, ಮೆಲ್ಲ ಹೇಳ್ತೇನೆ," ಎಂದು ವಿಸ್ಮಿತಾ ಪಿಸುಗುಟ್ಟಿದಳು. ರಸ್ತೆ, ದಾರಿದೀಪ ಎಲ್ಲ ಹೇಳಿ ಕುಡಿಯುವ ನೀರಿಗೆ ಬಂದಿದ್ದಳು.

ಮೂರನೇ ಪಟ್ಟಿ ಬಂತು. ಸೌದಾ ಅದನ್ನು ಮನಸ್ಸಿನಲ್ಲೇ ಓದಿದರು.

"ಎಂತ ಬರೆದಿದ್ದಾರೆ? ಓದಿ ಸೌದಕ್ಕ."

ಓದಿದರು. "ನಿಮ್ಮ ಕಣ್ಣುಗಳು ಪರದೆಯ ಮೇಲಿಲ್ಲ."

ಪರದೆ ಬಿಳಿಯಾಯಿತು. ಪರೀಕ್ಷೆ ಮುಗಿದಿದೆ ಎಂಬ ಒಂದೇ ಸಾಲು ಉಳಿಯಿತು. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದರು, ನೇಮಿರಾಜರನ್ನು ಓಡೋಡಿ ಕರೆಸಿದರು, ಏನು ಮಾಡಿದರೂ ಒಳಗೆ ಬಿಡಲಿಲ್ಲ. ಮರುದಿನದ ವಿಷಯಕ್ಕೂ ಬಾಗಿಲು ತೆರೆಯಲಿಲ್ಲ. ಮೂರನೇ ದಿನ ತುಕ್ರಪ್ಪ ಮಗಳ ಕೈಹಿಡಿದು ಬಸ್ಸು ಹತ್ತಿದರು. "ನೀವು ಬೇಜಾರು ಮಾಡ್ಬೇಡಿ ಸೌದಕ್ಕ," ಎಂದು ಅವರೇ ಸಮಾಧಾನ ಹೇಳಿದರು.

ತಿಂಗಳ ಬಳಿಕ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಹೊರಗಿನವರಿಂದ ಉತ್ತರ ಹೇಳಿಸಿಕೊಂಡದ್ದು ದೃಶ್ಯದಲ್ಲಿ ಕಂಡುಬಂದಿದೆ, ಅಭ್ಯರ್ಥಿ ಎರಡು ವರ್ಷ ಪರೀಕ್ಷೆ ಬರೆಯುವಂತಿಲ್ಲ, ನೆರವಾದ ವ್ಯಕ್ತಿ ಇನ್ನು ಮುಂದೆ ಯಾರಿಗೂ ಲಿಪಿಕಾರರಾಗುವಂತಿಲ್ಲ. ನೆರವಾದ ವ್ಯಕ್ತಿಯ ಫೋಟೊ ಕೂಡ ಇತ್ತು. ಗೋಡೆಗೆ ಒರಗಿ, ಕತ್ತು ಚಾಚಿ, ಕಳ್ಳರ ಹಾಗೆ ಪರದೆಯನ್ನು ಇಣುಕುತ್ತಿರುವ ಸೌದಾ.

ನೇಮಿರಾಜರು ಸುಮ್ಮನೆ ಕೂರಲಿಲ್ಲ. ಆ್ಯಪ್‌ನಲ್ಲಿ ದೂರು ಬರೆದರು. 'ನಿಮಗೆ ನೆರವಾಗಲು ಸಂತೋಷ' ಎಂಬ ಉತ್ತರ ಆ ಕ್ಷಣವೇ ಬಂತು, ನೆರವು ಬರಲಿಲ್ಲ. ಸೌದಾರನ್ನೂ ತುಕ್ರಪ್ಪರನ್ನೂ ಕರೆದುಕೊಂಡು ಮಂಗಳೂರಿನ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಪೂರ್ತಿ ಕೇಳಿದ, ಅನುಮತಿ ಪತ್ರವನ್ನು ಎರಡು ಸಲ ಓದಿದ. "ನನಗೆ ಅರ್ಥ ಆಗ್ತದೆ ಅಮ್ಮ. ಆದರೆ ನಾವು ಇಲ್ಲಿಂದ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಎಲ್ಲ ಸಿಸ್ಟಮ್ಮೇ ಮಾಡುದು. ನಮಗೆ ನೋಡ್ಲಿಕ್ಕೆ ಮಾತ್ರ ಸಿಗ್ತದೆ." ಮೇಲಿನವರಿಗೆ ಬರೆದು ಹಾಕುತ್ತೇನೆ ಎಂದ. ಬರೆದು ಹಾಕಿದ್ದಾನೆಂದೇ ಸೌದಾ ನಂಬಿದ್ದಾರೆ. ಅಷ್ಟರಲ್ಲಿ ವಿಸ್ಮಿತಾ ಕಾಯುತ್ತಿದ್ದ ಗುಮಾಸ್ತೆಯ ಹುದ್ದೆಗೆ ಅರ್ಜಿ ಹಾಕುವ ಕೊನೆಯ ದಿನವೂ ದಾಟಿಹೋಯಿತು.

ವಿಸ್ಮಿತಾಳಿಗೆ ಪಾಠ ಮರೆಯದಿರಲಿ ಎಂದು ಸೌದಾ ಆಮೇಲೆಯೂ ಕೆಲವು ದಿನ ಓದಿ ಕಳಿಸಿದರು. ಒಂದು ದಿನ ಅವಳೇ ಫೋನು ಮಾಡಿದಳು. "ಇನ್ನು ಕಳಿಸ್ಬೇಡಿ ಸೌದಕ್ಕ. ಮೊಬೈಲಿನಲ್ಲಿ ಜಾಗ ಇಲ್ಲ."

ಅದು ಜಾಗದ ಮಾತಲ್ಲ ಎಂದು ಸೌದಾಗೆ ಗೊತ್ತು. ಮನಸ್ಸು ತಡೆಯದೆ ಕಕ್ಕಿಂಜೆಗೆ ಹೋಗಿ ಬಂದರು. ವಿಸ್ಮಿತಾ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದನ್ನು ಕಲಿಯುತ್ತಿದ್ದಳು. ಎಲೆ ಸುರುಳಿ ಬಿಚ್ಚಿಕೊಂಡು ಹೊಗೆಸೊಪ್ಪು ಚೆಲ್ಲುತ್ತಿತ್ತು. ಚೆಲ್ಲಿದ್ದನ್ನು ಬೆರಳಿನಿಂದ ತಡಕಿ ಒಟ್ಟುಮಾಡಿ ಮತ್ತೆ ಸುತ್ತುತ್ತಿದ್ದಳು. ಚಾ ಕುಡಿದರು, ಮಳೆಯ ಮಾತಾಡಿದರು. ಪರೀಕ್ಷೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ವಿಸ್ಮಿತಾ ಒಂದೇ ಮಾತು ಕೇಳಿದಳು. "ನಾನು ಆವತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದರೆ ಬಿಡ್ತಿತ್ತೋ ಏನೋ, ಅಲ್ವಾ ಸೌದಕ್ಕ?" ಸೌದಾ ಬಸ್ಸಿನಲ್ಲಿ ಮುಸುಕೆಳೆದುಕೊಂಡು ದಾರಿಯುದ್ದಕ್ಕೂ ಅತ್ತರು.

ಈಗ ಉಳಿದವಳು ಹಫ್ಸ ಒಬ್ಬಳೇ. ಈ ಸಲದ ಪರೀಕ್ಷೆಗೆ ಅವಳಿಗೆ ಬರೆದುಕೊಡುವವರು ಯಾರೆಂದು ಗೊತ್ತಿಲ್ಲ. ಯಾರು ಕೂತರೂ ಅವರದ್ದು ಎರಡನೇ ಮುಖವೇ. ಪರೀಕ್ಷೆಗೆ ಕೂರುವುದೋ ಬಿಡುವುದೋ ಎಂದು ಹಫ್ಸಳ ಮನೆಯವರು ಇನ್ನೂ ತೀರ್ಮಾನಿಸಿಲ್ಲ. ಬಿಡುವುದೇ ಒಳ್ಳೆಯದೆಂದು ಅವಳ ತಂದೆ ಹೇಳುತ್ತಿದ್ದಾರಂತೆ. ಪರೀಕ್ಷೆ ಇಲ್ಲದಿದ್ದರೆ ಈ ಓದು ಯಾತಕ್ಕೆ ಎಂದು ಉಸ್ಮಾನ್ ಒಮ್ಮೆ ಕೇಳಿದರು. ಕೇಳಿದ್ದಕ್ಕೆ ತಾವೇ ನೊಂದುಕೊಂಡು, ಮರುದಿನವೂ ಎದ್ದು ಫ್ಯಾನ್ ಆರಿಸಿದರು.

ನಿಮಗೇನಾದರೂ ಆಸೆ ಉಂಟಾ ಎಂದು ಕೇಳಿದರೆ ಸೌದಾ ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಾರೆ. "ಒಂದು ಕೋಣೆ, ಒಬ್ಬರು ಮನುಷ್ಯರು. ನನ್ನ ಮೇಲೆ ಸಂಶಯ ಇದ್ದರೆ ಪಕ್ಕದಲ್ಲೇ ಕುರ್ಚಿ ಹಾಕಿ ಕೂತುಕೊಳ್ಳಲಿ. ಅವಳು ಎಂತ ಹೇಳ್ತಾಳೆ, ನಾನು ಎಂತ ಬರೀತೇನೆ, ಕೇಳಲಿ, ನೋಡಲಿ. ಅಷ್ಟು ಸಾಕಿತ್ತು." ದಾರ ಪೋಣಿಸಿದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತುತ್ತಾರೆ. "ನೀವು ಪೇಪರಿನಲ್ಲಿ ಹಾಕುವಾಗ ನನ್ನ ಹೆಸರು ಬಿಟ್ಟರೂ ತೊಂದರೆ ಇಲ್ಲ. ವಿಸ್ಮಿತಾ ಕಾಪಿ ಮಾಡಿದವಳಲ್ಲ ಅಂತ ಒಂದು ಸಾಲು ಬರೆಯಿರಿ. ಅವಳಿಗೆ ಉತ್ತರ ಗೊತ್ತಿತ್ತು."