ಅಣಬೆಯ ಮೇಲೊಂದು ಸಂಶಯ

ಕಳೆದ ವಾರ ನಮ್ಮ ಅಮ್ಮ ಅರ್ಧ ಸುಲಿದ ಅಣಬೆಗಳನ್ನು ಕೆಳಗಿಟ್ಟು, ಕೈ ತೊಳೆದು ಬಂದು, ಮೊಮ್ಮಗಳನ್ನು ಕೇಳಿದರು: “ಹಾಗಾದರೆ ಇದು ಎಂತದ್ದು?”

ತಪ್ಪು ನನ್ನ ಮಗಳದ್ದಲ್ಲ. ಒಂಬತ್ತನೇ ಕ್ಲಾಸು, ಮರುದಿನ ಬಯಾಲಜಿ ಪರೀಕ್ಷೆ. ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಜೀವಿಗಳಿಗೆ ಐದು ಸಾಮ್ರಾಜ್ಯ. ಬ್ಯಾಕ್ಟೀರಿಯಾಗಳದ್ದು ಮೊನೆರಾ, ಅವಕ್ಕೆ ಸರಿಯಾದ ಕೋಶಕೇಂದ್ರವೇ ಇಲ್ಲ. ಅಮೀಬಾದಂಥವು ಪ್ರೊಟಿಸ್ಟಾ. ಸಸ್ಯ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಪ್ರಾಣಿ ಬೇರೆಯವರನ್ನು ತಿನ್ನುತ್ತದೆ. ಅಣಬೆಗೆ ಹಸಿರೂ ಇಲ್ಲ, ಬಾಯಿಯೂ ಇಲ್ಲ. ಕೊಳೆತದ್ದರಿಂದ ಹೀರಿ ಬದುಕುತ್ತದೆ. ಹಾಗಾಗಿ ಅದಕ್ಕೆ ಬೇರೆಯೇ ಸಾಮ್ರಾಜ್ಯ, ಶಿಲೀಂಧ್ರ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಅಣಬೆಯಲ್ಲೂ ಉಂಟಂತೆ ಅಂದುಬಿಟ್ಟಳು.

ಏಡಿ! ನಮ್ಮ ಅಮ್ಮ ಬಿಸ್ಕೆಟ್ ಪ್ಯಾಕೆಟನ್ನೂ ತಿರುಗಿಸಿ ಹಸಿರು ಚುಕ್ಕೆ ಹುಡುಕುವವರು. (ಚುಕ್ಕೆ ಸಿಕ್ಕಿದರೂ ಪೂರ್ತಿ ನಂಬುವುದಿಲ್ಲ. ಆ ಗುಣ ನನಗೂ ಬಂದಿದೆ.) ಅಣಬೆ ಮಾತ್ರ ನಮ್ಮಲ್ಲಿ ಇಷ್ಟು ವರ್ಷ ತರಕಾರಿಯ ಲೆಕ್ಕ.

ತಂದುಕೊಟ್ಟವರು ಪಕ್ಕದ ಮನೆಯ ನೆಬೀಸಮ್ಮ. ನಮ್ಮ ಊರು ಮೊಗ್ರಾಲಿನಲ್ಲಿ ಮೊದಲ ಗುಡುಗು ಕೇಳಿದ ಮರುದಿನ ಎಲ್ಲಿಂದಲೋ ಹೆಕ್ಕಿ, ತೇಗದ ಎಲೆಯಲ್ಲಿ ಕಟ್ಟಿ, ಅಮ್ಮನಿಗೊಂದು ಪಾಲು ಕೊಡುವುದು ಅವರ ಪದ್ಧತಿ. ಎಲ್ಲಿಂದ ಎಂದು ಮಾತ್ರ ಬಾಯಿಬಿಡುವುದಿಲ್ಲ. ಅಣಬೆ ಏಳುವ ಜಾಗವನ್ನು ಇಲ್ಲಿ ಒಡಹುಟ್ಟಿದವರಿಗೂ ಯಾರೂ ಹೇಳುವುದಿಲ್ಲ. ಈವರೆಗೆ ಅದು ತಮಾಷೆಯಾಗಿತ್ತು. ಆ ದಿನ ಅಮ್ಮನಿಗೆ ಅದೇ ದೊಡ್ಡ ವಿಷಯವಾಯಿತು. ಜಾಗ ಯಾಕೆ ಹೇಳುವುದಿಲ್ಲ? ಇದು ತರಕಾರಿ ಅಲ್ಲ ಅಂತ ಅವಳಿಗೆ ಗೊತ್ತಿತ್ತಾ? ಗೊತ್ತಿದ್ದೇ ಕೊಟ್ಟಳಾ? ನಾನೂ ‘ಛೆ, ಹಾಗೆಲ್ಲ ಇಲ್ಲ’ ಎನ್ನಲಿಲ್ಲ. ನನ್ನ ತಲೆಯಲ್ಲೂ ಅದೇ ಹುಳ.

ಮೊಸರಿನಲ್ಲೂ ಜೀವ ಉಂಟು ಅಜ್ಜಿ, ಬ್ಯಾಕ್ಟೀರಿಯಾ, ಎಂದಳು ಮಗಳು, ಸಮಾಧಾನ ಮಾಡುವವಳ ಹಾಗೆ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ಅಮ್ಮ ಆ ಫೈಲ್ ಕ್ಲೋಸ್ ಮಾಡಿದರು. ಎಂಥ ನ್ಯಾಯ! ಸಂಶಯದ ಬುದ್ಧಿಯೇ ಹಾಗಲ್ಲವೇ? ನಮ್ಮ ಮನೆಯ ಮೊಸರನ್ನು ಬಿಟ್ಟು, ಪಕ್ಕದ ಮನೆಯಿಂದ ಬಂದದ್ದನ್ನೇ ಹಿಡಿಯುತ್ತದೆ.

ಪೊಟ್ಟಣ ವಾಪಸ್ ಕೊಡುವ ಕೆಲಸ ನನ್ನ ತಲೆಗೆ ಬಂತು. ಅಮ್ಮನಿಗೆ ಗ್ಯಾಸ್ಟ್ರಿಕ್ ಎಂದೆ. ನೆಬೀಸಮ್ಮ ಎಲೆ ಬಿಡಿಸಿ, ಅರ್ಧ ಸುಲಿದದ್ದನ್ನು ನೋಡಿ, ನನ್ನ ಮುಖ ನೋಡಿದರು. ಪಾಠದ ಕಥೆ ಹೇಳಲೇಬೇಕಾಯಿತು. ಕೇಳಿ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ನನಗೆ ನಾಚಿಕೆಯಾಯಿತು.

“ಪುಸ್ತಕ ಸರಿಯೇ ಇರಬಹುದು ಮಗಾ. ಆದರೆ ಅಕ್ಕ ಕಾಂಪೌಂಡಿನ ಹತ್ತಿರ ಬಂದು ಒಂದು ಮಾತು ಕೇಳಬಹುದಿತ್ತಲ್ಲ? ಅವರಿಗೆ ಸಂಶಯ ಅಣಬೆಯ ಮೇಲೆಯಾ, ನನ್ನ ಮೇಲೆಯಾ?”

ಅಣಬೆ ಯಾವ ಸಾಮ್ರಾಜ್ಯದ್ದು ಎಂಬುದಕ್ಕೆ ಮಗಳ ಪುಸ್ತಕದಲ್ಲಿ ಉತ್ತರವಿದೆ. ನೆಬೀಸಮ್ಮನಿಗೆ ನಾನು ಏನು ಹೇಳಲಿ?