ವಾದಿಯೊಳಗಿನ ಪದವು

ಒಮಾನಿನ ಸಲಾಲಾದಲ್ಲಿ ಉಮ್ಮರ್ ಬ್ಯಾರಿಯವರ ಅಂಗಡಿ ಗೊತ್ತಿಲ್ಲದ ಕನ್ನಡಿಗ ಇರಲಿಲ್ಲ. ಬಂಟ್ವಾಳದ ಕಡೆಯ ಗುಡ್ಡದ ಮೇಲಿನ ಊರಿನವರು. ಊರ ಹೆಸರಿನ ಕೊನೆಗೆ 'ಪದವು' ಇತ್ತು. ನಮ್ಮವರು ಎಲ್ಲಿಗೆ ಹೋದರೂ ಊರನ್ನು ಕಂಕುಳಲ್ಲಿಟ್ಟುಕೊಂಡೇ ಹೋಗುವವರಲ್ಲವೇ! ಮಳೆ ಬಂದಾಗ ಮಾತ್ರ ಹರಿಯುವ ಹಳ್ಳದ, ಅಲ್ಲಿಯವರ ಮಾತಿನಲ್ಲಿ ವಾದಿಯ, ಅಂಚಿನ ತಗ್ಗಿನಲ್ಲಿ ಜಾಗ ಸಿಕ್ಕಿತು, ಉಮ್ಮರ್ 'ಪದವು ಸ್ಟೋರ್' ಎಂದು ಬೋರ್ಡು ಹಾಕಿದರು. ಕ್ರಮೇಣ ನಮ್ಮವರ ಬಾಯಲ್ಲಿ ಆ ತಗ್ಗಿಗೆಲ್ಲ ಪದವು ಎಂದೇ ಹೆಸರಾಯಿತು.

ಬಂದರಿನಲ್ಲಿ ಇಂಜಿನಿಯರ್ ಆಗಿದ್ದ ಡಚ್ ಹೆಂಗಸು ನಿಕೋಲ್ ಅಲ್ಲಿಗೆ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯಲು ಬರುತ್ತಿದ್ದಳು. ಒಮ್ಮೆ ಬೋರ್ಡಿನ ಅರ್ಥ ಕೇಳಿದಳು.

"ಎತ್ತರದ ಬಯಲು ಮೇಡಂ. ಅಲ್ಲಿ ನೀರು ನಿಲ್ಲುವುದಿಲ್ಲ," ಎಂದರು ಉಮ್ಮರ್.

ನಿಕೋಲ್‌ಗೆ ಖುಷಿಯೋ ಖುಷಿ. ಅವಳ ಫ್ರೀಸ್‌ಲ್ಯಾಂಡಿನಲ್ಲೂ ಹಾಗೆಯೇ ಅಂತೆ: ಊರ ಹೆಸರಿನ ಮುಂಭಾಗ ಬಹಳ ಸಲ ಯಾರೋ ಹಳೇ ಕಾಲದವನದು, ಬಾಲ ಮಾತ್ರ ನೆಲದ್ದು. 'ಉಮ್' ಎಂದರೆ ಮನೆ, 'ಡೈಕ್' ಎಂದರೆ ಒಡ್ಡು, 'ವೆರ್ಡ್' ಎಂದರೆ ಸಮುದ್ರದಿಂದ ಬಚಾವಾಗಲು ಜನ ಮಣ್ಣು ಹೊತ್ತು ಎಬ್ಬಿಸಿದ ದಿಬ್ಬ. ಇಷ್ಟು ಹೇಳಿ ಸುತ್ತ ನೋಡಿದಳು.

"ಇಲ್ಲಿ ಎತ್ತರ ಎಲ್ಲಿದೆ?"

"ಊರಿನ ನೆನಪಿಗೆ ಇಟ್ಟದ್ದಷ್ಟೇ," ಎಂದು ಉಮ್ಮರ್ ನಕ್ಕರು.

ನಿಕೋಲ್ ನಗಲಿಲ್ಲ. "ಹೊಸಬರಿಗೆ ಅದು ಗೊತ್ತಿರುತ್ತದೆಯೇ?" ಎಂದಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಾನು ಬೋರ್ಡಿನತ್ತ ಕತ್ತೆತ್ತಿದೆ.

ಮೇ ತಿಂಗಳಲ್ಲಿ ಚಂಡಮಾರುತ ಬಂತು. ಉಮ್ಮರ್ ಅಂಗಡಿಗೆ ಬೀಗ ಹಾಕಿ, ಮೇಲಿನ ಬೀದಿಯಲ್ಲಿದ್ದ ನನ್ನ ಗೋದಾಮಿಗೆ ಸಾಮಾನು ಸಾಗಿಸಿದ್ದರು. ಅವರ ಮಗಳು ಮುಫೀದಾ, ಅಳಿಯ ಸಿನಾನ್ ಹಿಂದಿನ ದಿನವಷ್ಟೇ ಊರಿನಿಂದ ಬಂದು ಕಡಲ ಬಳಿಯ ಬಾಡಿಗೆ ಕೋಣೆಯಲ್ಲಿ ಇಳಿದಿದ್ದರು. ಅಂಗಡಿಯನ್ನು ಅವರಿನ್ನೂ ನೋಡಿರಲಿಲ್ಲ. ಮಧ್ಯಾಹ್ನವೇ ಕತ್ತಲಾಗಿತ್ತು, ವಾದಿ ಮೊರೆಯುವುದು ಗೋದಾಮಿನವರೆಗೂ ಕೇಳುತ್ತಿತ್ತು. ಆಗ ಸಿನಾನನ ಫೋನ್ ಬಂತು.

"ಮಾವ, ಇಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದ್ರು. ನೀವು ಎಂತದೂ ಹೆದರ್ಬೇಡಿ. ಪಕ್ಕದ ಕೋಣೆಯವರ ಕಾರು ಸಿಕ್ಕಿತು, ಮುಫೀದಾಳೂ ಇದ್ದಾಳೆ. ಸೀದಾ ಪದವಿನ ಕಡೆಗೇ ಬರ್ತಾ ಇದ್ದೇವೆ, ಮ್ಯಾಪಿನಲ್ಲಿ ನಿಮ್ಮ ಅಂಗಡಿ ತೋರಿಸ್ತಾ ಉಂಟು. ಈಗ ಒಂದು ಇಳಿಜಾರು. ಇದು ದಾಟಿದ ಮೇಲೆ ಏರು ಅಲ್ವಾ?"

"ಏರು ಇಲ್ಲ ಮಗಾ! ಅಲ್ಲಿ ಏರೇ ಇಲ್ಲ! ಕಾರು ತಿರುಗಿಸು!"

ಅಷ್ಟರಲ್ಲಿ ಲೈನ್ ಕಟ್ ಆಗಿತ್ತು. ಉಮ್ಮರ್ ಬರಿಗಾಲಲ್ಲೇ ಮಳೆಗೆ ಓಡಿದರು, ಹಿಂದೆಯೇ ನಾನು. ಸಿನಾನ್ ಹೇಳಿದ್ದ ಇಳಿಜಾರಿನ ತಿರುವಿಗೆ ಬಂದು ನೋಡಿದರೆ ಕೆಂಪು ನೀರಿನ ಮೇಲೆ ಬೋರ್ಡಿನ ತುದಿ ಮಾತ್ರ ಕಾಣುತ್ತಿತ್ತು. ನೀರಿನ ಈಚೆಗೆ, ಇಳಿದು ಬಂದ ರಸ್ತೆಯಲ್ಲಿ, ಯಾವ ಕಾರೂ ಇರಲಿಲ್ಲ.