ಎರಿ, ಮಡ್ಡಿ ಮತ್ತು ಮೀನು ಹುಡುಕುವ ಯಂತ್ರ

ನನ್ನ ಬಲಗೈ ಬೆರಳುಗಳು ಹೇಳದೆ ಕೇಳದೆ ಕೆಲಸ ಬಿಟ್ಟವು. ಸಕ್ಕರೆ ಕಾಯಿಲೆ. ನನ್ನ ಗಂಡ ಆಳಂದದ ಹತ್ತಿರ ಕಬ್ಬು ಬೆಳೆದು ಭೂಸನೂರಿನ ಕಾರ್ಖಾನೆಗೆ ಕಳಿಸುತ್ತಾರೆ. ಅವರ ಸಕ್ಕರೆ ಲಾರಿಯಲ್ಲಿ ಹೋಗುತ್ತದೆ, ನನ್ನದು ರಕ್ತದಲ್ಲೇ ಉಳಿದುಬಿಟ್ಟಿದೆ. ಬಿಸಿ ಚಹಾದ ಲೋಟ ಹಿಡಿದರೂ ಬಿಸಿ ತಿಳಿಯುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳದೆ ದಿನ ದೂಡುತ್ತಿದ್ದೆ. ಆದರೆ ಒಂದು ಭಾನುವಾರ ಕೆರೆಯಿಂದ ಮನೆಗೆ ಬಂದಾಗ ಮಗಳು ನನ್ನ ಸೆರಗಿನ ಮೇಲೆ ರಕ್ತ ನೋಡಿದಳು. ಹೆಬ್ಬೆರಳಿಗೆ ಮೀನಿನ ಗಾಳ ಚುಚ್ಚಿಕೊಂಡು ಹಾಗೇ ಕೂತಿತ್ತು. ಅದೇ ಕೈಯಲ್ಲಿ ಆಧಾರ್ ಕಾರ್ಡ್ ತೋರಿಸಿ, ಬಸ್ಸಿನಲ್ಲಿ ಪಕ್ಕದವಳ ಜೊತೆ ಹರಟುತ್ತಾ ನಾನು ಊರು ಸೇರಿದ್ದೆ.

ಮಗಳು ಕಲಬುರಗಿಯಲ್ಲಿ ನರ್ಸ್, ರಜೆಗೆಂದು ಬಂದಿದ್ದಳು. ಗಾಳ ತೆಗೆದಳು, ಗಾಯ ತೊಳೆದಳು, ಆಮೇಲೆ ತೀರ್ಪು ಕೊಟ್ಟಳು.

"ಅವ್ವಾ, ಇನ್ನ ಗಾಳ ಬಂದ್. ನಿನಗ ಚುಚ್ಚಿದ್ದೂ ತಿಳಿಯಂಗಿಲ್ಲ, ಕೊಳತದ್ದೂ ತಿಳಿಯಂಗಿಲ್ಲ. ನಾಳಿ ಬೆರಳು ತೆಗೀಬೇಕಂದ್ರ ಏನ್ ಮಾಡ್ತೀ?"

ಗಂಡ ನನ್ನ ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದರು. ಮಗಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ಜೇವರ್ಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ನಿವೃತ್ತಿಯ ದಿನ ಹಾರ ಹಾಕಿದವರೆಲ್ಲ ಇನ್ನು ಆರಾಮಾಗಿ ಕೂತುಬಿಡಿ ಎಂದಿದ್ದರು. ಕೂರುವುದೇನೂ ಕೆಟ್ಟದ್ದಲ್ಲ, ಆದರೆ ಎಲ್ಲಿ ಕೂರಬೇಕೆಂದು ನಾನು ಹೇಳಬೇಕು. ನಾನು ಕೂರುವುದು ಕೆರೆಯ ದಂಡೆಯ ಮೇಲೆ.

ಮೀನು ಹಿಡಿಯುವುದನ್ನು ಕಲಿಸಿದವನು ಅಪ್ಪ. ಘತ್ತರಗಿಯಲ್ಲಿ ಭೀಮಾ ನದಿಗೆ ದೋಣಿ ಹಾಕುತ್ತಿದ್ದ. ಭಾಗ್ಯವಂತಿಯ ಗುಡಿಗೆ ಬರುವವರನ್ನು ಆಚೆ ದಡದಿಂದ ಕರೆತರುತ್ತಿದ್ದ. ಜನ ಇಲ್ಲದ ಹೊತ್ತಿನಲ್ಲಿ ದಾರದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಟ್ಟು, ದಾರವನ್ನು ನನ್ನ ತೋರುಬೆರಳಿನ ಮೇಲೆ ಇಡುತ್ತಿದ್ದ. ಕೆಳಗೆ ಏನದ, ಹೇಳು ಎನ್ನುತ್ತಿದ್ದ. ನಮ್ಮ ಕಡೆ ನೆಲದಲ್ಲಿ ಎರಡೇ ಜಾತಿ: ಎರಿ ಮತ್ತು ಮಡ್ಡಿ. ಎರಿ ಎಂದರೆ ಕಪ್ಪು ಮಣ್ಣು. ಗುಂಡು ಸದ್ದಿಲ್ಲದೆ ಹೂತುಹೋಗುತ್ತದೆ, ಎತ್ತಿದರೆ ಹಿಡಿದುಕೊಳ್ಳುತ್ತದೆ. ಮಡ್ಡಿ ಎಂದರೆ ಕಲ್ಲುನೆಲ. ಗುಂಡು ತಟ್ಟಿದ್ದು ಬೆರಳಿಗೆ ಟಕ್ಕನೆ ಬರುತ್ತದೆ. ಎರಿ ಮುಗಿದು ಮಡ್ಡಿ ಶುರುವಾಗುವ ಅಂಚಿನಲ್ಲಿ ಮೀನು ಮೇಯುತ್ತವೆ. ಆಳಂದಕ್ಕೆ ಮದುವೆಯಾಗಿ ಬಂದಮೇಲೆ ಇಲ್ಲಿಯ ಕೆರೆಯಲ್ಲೂ ನಾನು ಹುಡುಕಿದ್ದು ಆ ಅಂಚನ್ನೇ. ಈಗ ಬೆರಳೇ ಕಿವುಡಾದ ಮೇಲೆ ಅಂಚನ್ನು ಹುಡುಕುವುದು ಹೇಗೆ? ಅದು ಸಿಗದಿದ್ದರೆ ದಂಡೆಯ ಮೇಲೆ ಕೂತು ನೀರು ನೋಡಿ ಬರಬೇಕು ಅಷ್ಟೇ. ಅದಕ್ಕೆ ಮನೆಯ ಹಿತ್ತಲೇ ಸಾಕು.

ಮೀನು ಹುಡುಕುವ ಯಂತ್ರ ಇದೆಯೆಂದು ತಿಳಿದದ್ದು ಮೊಬೈಲಿನಲ್ಲಿ. ನೀರಿಗೆ ಶಬ್ದ ಬಿಡುತ್ತದೆ, ಅದು ತಳಕ್ಕೆ ಬಡಿದು ವಾಪಸ್ ಬರುತ್ತದೆ, ಬಂದ ಶಬ್ದವನ್ನು ಪರದೆಯ ಮೇಲೆ ಚಿತ್ರ ಮಾಡಿ ತೋರಿಸುತ್ತದೆ. ಪ್ರತಿಧ್ವನಿಯ ಪಾಠವನ್ನು ವರ್ಷಗಟ್ಟಲೆ ಮಾಡಿದವಳಿಗೆ ಇದರಲ್ಲಿ ಜಾದೂ ಏನೂ ಕಾಣಲಿಲ್ಲ. ಬೆರಳು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ, ಬೆರಳಿಗೆ ಬದಲಾಗಿ ಕಣ್ಣಿಗೆ ಹೇಳುತ್ತದೆ. ನನ್ನ ಕಣ್ಣು ಇನ್ನೂ ಚೆನ್ನಾಗಿವೆ.

ಗಂಡನಿಗೆ ಹೇಳಿದೆ. ಅವರು ಚಹಾ ಊದುತ್ತಾ ನಕ್ಕರು.

"ಮೀನಿಗೆ ಎಕ್ಸ್‌ರೇ ತಗಸಾಕತ್ತೀ ಏನು?"

"ಮೀನಿಗಲ್ರಿ, ಕೆರಿಗೆ," ಎಂದೆ.

ಆರಿಸುವುದು ಸುಲಭವಾಗಿರಲಿಲ್ಲ. ವೀಡಿಯೊದಲ್ಲಿ ಯಂತ್ರ ತೋರಿಸುವವರೆಲ್ಲ ದೊಡ್ಡ ದೋಣಿಯಲ್ಲಿ ಕೂತಿರುತ್ತಾರೆ, ಅವರ ನೀರು ಗಾಜಿನಷ್ಟು ತಿಳಿ. ನನಗೆ ದೋಣಿಯಿಲ್ಲ, ನಮ್ಮ ಕೆರೆಯ ನೀರು ಮಳೆಗಾಲದಲ್ಲಿ ಚಹಾದ ಬಣ್ಣಕ್ಕಿರುತ್ತದೆ. ಹಾಗಾಗಿ ದೋಣಿಗೆ ಬಿಗಿಯುವ ದೊಡ್ಡ ಪರದೆಯವು ಬಿಟ್ಟುಹೋದವು. ಉಳಿದದ್ದು ಚೆಂಡಿನಂಥ ಜಾತಿ: ದಾರಕ್ಕೆ ಕಟ್ಟಿ ದಂಡೆಯಿಂದ ಎಸೆದರೆ ನೀರಿನ ಮೇಲೆ ತೇಲುತ್ತದೆ, ಕಂಡದ್ದನ್ನು ಮೊಬೈಲಿಗೆ ಕಳಿಸುತ್ತದೆ. ಅದರಲ್ಲೂ ಹತ್ತಾರು ಬಗೆ. ಕೊನೆಗೆ ಬೆಂಗಳೂರಿನ ಒಂದು ಅಂಗಡಿಗೆ ಫೋನು ಮಾಡಿದೆ. ಎತ್ತಿದವನು ಬಹಳ ಮರ್ಯಾದೆಯ ಮನುಷ್ಯ, ಮಾತಿಗೊಮ್ಮೆ ಮೇಡಂ ಎನ್ನುತ್ತಿದ್ದ.

"ನಮ್ಮ ಕಡಿ ಬರೇ ಎರಿ ಅದ್ರಿ," ಎಂದೆ. "ಎರಿಗೆ ಬರೋಬರ್ ನಡೀತದಿಲ್ರಿ?"

"ಯಾವ ಎರೆ ಆದ್ರೂ ನಡೆಯುತ್ತೆ ಮೇಡಂ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಕರಿ ಎರಿರಿ. ಭಾಳ ಮೆತ್ತಗಿರ್ತದ."

"ಕಪ್ಪುದಾ? ಮೆತ್ತಗಿದ್ರೆ ಇನ್ನೂ ಒಳ್ಳೇದು ಮೇಡಂ, ಮೀನು ಬೇಗ ಬರುತ್ತೆ."

ಬೆಂಗಳೂರಿನಲ್ಲಿ ಕೂತವನಿಗೆ ನಮ್ಮ ಮಣ್ಣಿನ ಗುಣ ಇಷ್ಟು ಗೊತ್ತಲ್ಲ ಎಂದು ನಾನು ಖುಷಿಪಟ್ಟೆ. ಅವನು ಹೇಳಿದ್ದನ್ನೇ ತರಿಸಿದೆ.

ಬಂತು. ಕೆರೆಗೆ ಹೋಗಿ ಎಸೆದೆ. ಮೊಬೈಲಿನ ತುಂಬ ಹಸಿರು ಮೀನಿನ ಚಿತ್ರಗಳು ಪುಳಪುಳನೆ ಎದ್ದವು. ಮುಳುಗಿದ ಜಾಲಿ ಗಿಡದ ಟೊಂಗೆಯೂ ಮೀನು, ಕೊಳೆತ ಕಸದಿಂದ ಏಳುವ ಗುಳ್ಳೆಯೂ ಮೀನು. ಅಷ್ಟು ಮೀನಿದ್ದರೆ ನೀರಿಗೆ ಜಾಗ ಇರುತ್ತಿರಲಿಲ್ಲ. ತಳ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ತೆಳು ಗೆರೆ. ಎರಿ ಎಲ್ಲಿ, ಮಡ್ಡಿ ಎಲ್ಲಿ, ಅದರ ಸುದ್ದಿಯೇ ಇಲ್ಲ. ಗಂಡ ಪಕ್ಕದಲ್ಲಿ ನಿಂತು ಬಗ್ಗಿ ನೋಡಿ, "ಛಲೋ ಅದ, ಮೊಮ್ಮಗಗ ಆಡ್ಲಿಕ್ಕ ಆಗ್ತದ" ಎಂದರು. ನಾನು ಯಂತ್ರವನ್ನು ದಂಡೆಗೆ ಎಳೆದುಕೊಂಡೆ. ಬಾಯಿ ತೆರೆದಿದ್ದರೆ ಯಂತ್ರದ ಜೊತೆ ಅವರೂ ಕೆರೆಯೊಳಗೆ ಹೋಗುತ್ತಿದ್ದರು.

ಮನೆಗೆ ಬಂದವಳೇ ಅಂಗಡಿಗೆ ಫೋನು ಹಚ್ಚಿದೆ.

"ಎರಿಗೆ ನಡೀತದ ಅಂದ್ರಿ. ಎರಿ ತೋರಸಾಕತ್ತಿಲ್ಲಲ್ರಿ ಇದು."

"ಮೇಡಂ, ಎರೆ ಅಷ್ಟು ಚಿಕ್ಕದು, ಅದು ಹೇಗೆ ಕಾಣುತ್ತೆ?"

"ಚಿಕ್ಕದೇನ್ರಿ? ಅರ್ಧ ಕೆರಿ ಅದೇ ಅದ."

 ಆಚೆಯವನು ಮೆಲ್ಲಗೆ ಕೇಳಿದ, "ಮೇಡಂ, ಎರೆ ಅಂದ್ರೆ ಗಾಳಕ್ಕೆ ಹಾಕೋ ಹುಳ ಅಲ್ವಾ?"

ಆಗ ತಿಳಿಯಿತು. ನಾವು ಗಾಳಕ್ಕೆ ಚುಚ್ಚುವುದಕ್ಕೆ ಹುಳ ಅನ್ನುತ್ತೇವೆ, ನಾದಿದ ಹಿಟ್ಟಿನ ಉಂಡೆಯಾದರೆ ಕಣಕ. ಎರಿ ಅಂದರೆ ನಮಗೆ ನೆಲ. ಹುಟ್ಟಿ ಬೆಳೆದು, ಬಿತ್ತಿ ಉಣ್ಣುವ ನೆಲ. ಅವನು ಹುಳದ ಬಗ್ಗೆ ಉತ್ತರ ಕೊಡುತ್ತಿದ್ದ, ನಾನು ಭೂಮಿಯ ಬಗ್ಗೆ ಕೇಳುತ್ತಿದ್ದೆ, ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಫೋನು ಇಟ್ಟಿದ್ದೆವು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಅವನು ಇನ್ನೊಂದು ಮಾತು ಸೇರಿಸಿದ: ಡಬ್ಬಿ ತೆರೆದಮೇಲೆ ವಾಪಸ್ ಇಲ್ಲ, ಅಲ್ಲದೆ ವಯಸ್ಸಾದವರಿಗೆ ಮೀನಿನ ಚಿತ್ರ ತೋರಿಸುವ ಯಂತ್ರವೇ ಸುಲಭ. ನಗು ಅಲ್ಲಿಗೆ ನಿಂತಿತು.

"ಚಿತ್ರ ನೋಡಿ ಮೀನು ಅನ್ಲಿಕ್ಕ ನಾ ಏನ್ ಅಂಗನವಾಡಿ ಕೂಸೇನ್ರಿ? ನನಗ ಮೀನು ತೋರಸಬ್ಯಾಡ್ರಿ. ನೆಲ ತೋರಸ್ರಿ, ಮೀನು ನಾ ಹುಡುಕ್ತೇನಿ. ನೀವು ತಿಳಕೊಂಡಿದ್ದು ತಪ್ಪು, ನಾ ಕೇಳಿದ್ದು ತಪ್ಪಲ್ಲ. ಬದಲಿ ಮಾಡಿ ಕಳಸ್ರಿ."

ಮಾಲೀಕರನ್ನು ಕೇಳುತ್ತೇನೆಂದ. ಕೇಳಿ ಎಂದೆ. ಮರುದಿನ ಫೋನು ಮಾಡಿದೆ, ಅದರ ಮರುದಿನವೂ ಮಾಡಿದೆ. ಶಾಲೆಯಲ್ಲಿ ಹೋಂವರ್ಕ್ ತರದವರ ಹಿಂದೆ ಬಿದ್ದ ಅಭ್ಯಾಸ ನನಗೆ ಇನ್ನೂ ಇದೆ. ಅವನಿಗೆ ಬೇಸರ ಬಂತೋ, ಪಾಪ ಅನ್ನಿಸಿತೋ, ಬದಲಿ ಯಂತ್ರ ಬಂತು. ಇದರಲ್ಲಿ ಮೀನಿನ ಚಿತ್ರವನ್ನು ಬಂದ್ ಮಾಡಬಹುದು. ಗಟ್ಟಿ ನೆಲ ಢಾಳಾದ ಹಳದಿ ಪಟ್ಟಿಯಾಗಿ ಕಾಣುತ್ತದೆ, ಮೆತ್ತನೆಯದು ಮಂಕಾದ ಕಂದು.

ಅಟ್ಟದಿಂದ ಕೋಲು ಇಳಿಸುವಾಗ ಮನೆಯಲ್ಲಿ ಮತ್ತೆ ಗಲಾಟೆ. ಮಗಳು ಫೋನಿನಲ್ಲಿ ಅತ್ತಳು. ಅವಳ ಭಯ ನನಗೆ ಅರ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಅವಳು ದಿನಾ ನೋಡುವುದೇ ಅಂಥ ಬೆರಳುಗಳನ್ನು. ಅವಳಿಗಾಗಿ ಒಂದು ಮಾತಿಗೆ ಒಪ್ಪಿದೆ. ಇನ್ನು ಗಾಳವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ದಪ್ಪ ಕೈಗವಸು ಹಾಕಿಕೊಳ್ಳುತ್ತೇನೆ, ಇಕ್ಕಳದಿಂದಲೇ ಹಿಡಿಯುತ್ತೇನೆ, ಮನೆಗೆ ಬಂದಮೇಲೆ ಬೆರಳೊಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಗಾಳ ಬಿಡು ಎನ್ನುವ ಮಾತಿಗೆ ಮಾತ್ರ ಒಪ್ಪಲಿಲ್ಲ.

ಗಂಡ ಕಾವಲಿಗೆ ಬರುತ್ತೇನೆಂದು ಹೊರಟರು. ಕೆರೆಯ ದಂಡೆಯ ಮೇಲೆ ನಿಂತು ಚೆಂಡು ಎಸೆದು ಮೆಲ್ಲಗೆ ಎಳೆದುಕೊಂಡೆ. ಕಂದು, ಕಂದು, ಕಂದು. ಜಾಗ ಬದಲಿಸಿ ಎಸೆದೆ. ಮತ್ತೆ ಕಂದು. ಹಳೆಯ ತೂಬಿನ ಆಚೆಗೆ ಎಸೆದಾಗ ಕಂದು ಪಟ್ಟಿಯ ಮಧ್ಯೆ ಹಳದಿ ಎದ್ದಿತು. ಅಂಚು. ನನ್ನ ಕಣ್ಣು ತುಂಬಿತು. ಮೊಬೈಲನ್ನು ಗಂಡನ ಕೈಗೆ ಕೊಟ್ಟು, ಕಣಕ ಚುಚ್ಚಿದ ಗಾಳವನ್ನು ಅಲ್ಲಿಗೇ ಎಸೆದೆ.

"ಅಲ್ಲಾ, ಮೀನು ಕಚ್ಚಿದ್ದು ನಿನಗ ತಿಳೀಬೇಕಲ್ಲ," ಎಂದರು ಗಂಡ. "ಅದು ಹ್ಯಾಂಗ ತಿಳೀತದ? ಗಂಟಿ ಕಟ್ಟಬೇಕಿತ್ತು."

ಈ ಗಾಳಿಯಲ್ಲಿ ಕೋಲಿಗೆ ಗಂಟೆ ಕಟ್ಟಿದರೆ ದಿನವಿಡೀ ಪೂಜೆಯೇ. ಆದರೆ ಅವರು ಕೇಳಿದ್ದು ಸರಿಯಾಗಿತ್ತು. ರೋಹು ಮೀನು ಕಣಕವನ್ನು ಹಗುರಾಗಿ ಮುಟ್ಟಿ ನೋಡುತ್ತದೆ. ಆ ಮುಟ್ಟುವಿಕೆ ಬೆರಳಿಗೆ ಬರಬೇಕು. ಬೆರಳು ಸತ್ತಿದೆ.  ಇಷ್ಟು ಜಗಳ, ಇಷ್ಟು ಫೋನು, ಎಲ್ಲ ಮಾಡಿ ಇಲ್ಲಿಗೆ ಬಂದು ಸೋಲಬೇಕೇ ಎಂದು ಸಿಟ್ಟು ಬಂತು. ಬೆರಳು ಹೋದರೆ ಹೋಯಿತು, ಮೈಯೆಲ್ಲ ಹೋಗಿಲ್ಲವಲ್ಲ. ಕೋಲನ್ನು ಎತ್ತಿ ದಾರವನ್ನು ಗಲ್ಲಕ್ಕೆ ಹಚ್ಚಿದೆ.

ಗಾಳಿ ದಾರವನ್ನು ನಡುಗಿಸುವುದು ಗಲ್ಲಕ್ಕೆ ಬಂತು. ಕೋಲು ತುಸು ಎತ್ತಿದರೆ ಗುಂಡು ಕಲ್ಲಿಗೆ ತಟ್ಟಿದ್ದು ಬಂತು. ದಂಡೆಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ನಿಂತು ನೋಡಿದ. ನೋಡಲಿ. ಕುತ್ತಿಗೆ ನೋಯುವವರೆಗೆ ಹಾಗೇ ನಿಂತೆ. ಆಮೇಲೆ ಬಂತು, ಒಂದು ಸಣ್ಣ ತಟ್ಟು, ನಿಂತು, ಇನ್ನೊಂದು. ಕೋಲನ್ನು ಜಗ್ಗಿದೆ. ಕೋಲು ಬಾಗಿತು.

ಅದೇ ಹೊತ್ತಿಗೆ ಗಂಡನ ಕೈಯಲ್ಲಿದ್ದ ಮೊಬೈಲ್ ರಿಂಗಾಯಿತು. ಮಗಳು. ಅವರು ಅದನ್ನು ನನ್ನ ಕಿವಿಗೆ ಹಿಡಿದರು.

"ಅವ್ವಾ, ಎಲ್ಲಿದ್ದೀ?"

"ಕೆರಿ ಮ್ಯಾಲ."

"ಕೈ ಹ್ಯಾಂಗದ?"

"ಕೈ ಸುಮ್ಮ ಕುಂತದ," ಎಂದೆ, ಎಳೆಯುತ್ತಲೇ. "ನಾ ಕುಂದ್ರಂಗಿಲ್ಲ."

ಫೋನು ತೆಗೀರಿ ಎಂದು ಗಂಡನಿಗೆ ಹೇಳಿ, ದಾರ ಸುತ್ತತೊಡಗಿದೆ.